ಯಂತ್ರಕ್ಕೆ ಅನುವಾದ ಕಲಿಸಿದ ಗ್ರೇಸ್ ಹಾಪರ್

ನೆಲವನ್ನು ಉಳಲು, ನೀರನ್ನು ಎತ್ತಲು, ಭಾರವನ್ನು ಸಾಗಿಸಲು ಮಾನವನು ಪ್ರಾಚೀನ ಕಾಲದಿಂದಲೂ ಬಗೆಬಗೆಯ ಸಾಧನಗಳನ್ನು ರಚಿಸಿಕೊಂಡು ಬಂದಿದ್ದಾನೆ. ಅವೆಲ್ಲವೂ ಅವನ ತೋಳಿನ ಶ್ರಮವನ್ನು ಹಗುರಗೊಳಿಸಿದವು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿದ ಗಣಕಯಂತ್ರವಾದರೋ ಅವನ ಬುದ್ಧಿಯ ಶ್ರಮದಲ್ಲಿಯೂ ಪಾಲುಗೊಂಡಿತು. ಆದರೆ ಈ ಹೊಸ ಸೇವಕನಿಗೆ ಒಡೆಯನ ಮಾತು ತಿಳಿಯುತ್ತಿರಲಿಲ್ಲ. ಅಂಕಿಗಳ ಸಂಕೇತದಲ್ಲಿ ಬರೆದ ಆದೇಶಗಳನ್ನು ಮಾತ್ರ ಅದು ಪಾಲಿಸಬಲ್ಲುದಾಗಿತ್ತು. ಆ ಸಂಕೇತವನ್ನು ಕಲಿತ ಬೆರಳೆಣಿಕೆಯ ಗಣಿತಜ್ಞರ ಹೊರತು ಬೇರೆ ಯಾರಿಗೂ ಅದರ ಸೇವೆ ದೊರೆಯುವಂತಿರಲಿಲ್ಲ. ಮನುಷ್ಯನ ಮಾತನ್ನು ಯಂತ್ರದ ಸಂಕೇತಕ್ಕೆ ತಿರುಗಿಸುವ ಹೊಣೆಯನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದೆಂದು ಕೇಳಿ, ಹಾಗೆ ಒಪ್ಪಿಸಿ ತೋರಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಅವರು.

ಗ್ರೇಸ್ ಬ್ರೂಸ್ಟರ್ ಮರ್ರೇ 1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಾಲ್ಟರ್ ಮರ್ರೇ ವಿಮಾ ವ್ಯವಹಾರದಲ್ಲಿದ್ದವರು. ತಾಯಿ ಮೇರಿಯವರಿಗೆ ಗಣಿತದಲ್ಲಿ ಬಹಳ ಆಸಕ್ತಿ. ತಾಯಿಯ ತಂದೆ ನ್ಯೂಯಾರ್ಕ್ ನಗರದಲ್ಲಿ ಭೂಮಾಪಕರಾಗಿದ್ದರು. ವಂಶದ ಹಿರಿಯರೊಬ್ಬರು ನೌಕಾಪಡೆಯಲ್ಲಿ ಉನ್ನತ ಅಧಿಕಾರಿಯಾಗಿದ್ದರು. ರೋಗದ ದೆಸೆಯಿಂದ ತಂದೆ ತಮ್ಮ ಕಾಲುಗಳನ್ನು ಕಳೆದುಕೊಂಡರು. ಆದರೂ ಅವರು ಕೆಲಸವನ್ನು ಬಿಡಲಿಲ್ಲ. ಹೆಣ್ಣುಮಕ್ಕಳೂ ಗಂಡುಮಕ್ಕಳಂತೆಯೇ ವಿದ್ಯಾವಂತರಾಗಿ ತಮ್ಮ ಕಾಲಮೇಲೆ ನಿಲ್ಲಬೇಕೆಂಬುದು ಅವರ ದೃಢವಾದ ಅಪೇಕ್ಷೆಯಾಗಿತ್ತು.

ಬಾಲಕಿ ಗ್ರೇಸಳಿಗೆ ಯಾವ ವಸ್ತುವಾದರೂ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯುವ ಕುತೂಹಲ. ಏಳು ವರ್ಷದವಳಾಗಿದ್ದಾಗ ಅವಳು ಮನೆಯಲ್ಲಿದ್ದ ಅಲಾರಾಂ ಗಡಿಯಾರವೊಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬಾರದೆ, ಅದರ ಮರ್ಮವನ್ನು ಅರಿಯಲೆಂದು ಇನ್ನೊಂದನ್ನು ಬಿಚ್ಚಿದಳು. ಹೀಗೆ ಏಳು ಗಡಿಯಾರಗಳು ಬಿಡಿ ಭಾಗಗಳಾದವು. ತಾಯಿ ಅವಳ ಕುತೂಹಲಕ್ಕೆ ತಡೆಯೊಡ್ಡಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರದೊಡನೆ ತೃಪ್ತಿಪಟ್ಟುಕೊಳ್ಳಬೇಕೆಂದು ಕಟ್ಟಳೆಯನ್ನು ಮಾತ್ರ ವಿಧಿಸಿದರು.

ಹದಿನಾರನೆಯ ವಯಸ್ಸಿನಲ್ಲಿ ಗ್ರೇಸ್ ವ್ಯಾಸರ್ ಕಾಲೇಜಿನ ಪ್ರವೇಶಕ್ಕೆ ಯತ್ನಿಸಿದಾಗ ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಮುಂದೆ ಭಾಷೆಗಳ ಇತಿಹಾಸದಲ್ಲಿ ಹೊಸ ಅಧ್ಯಾಯವನ್ನು ತೆರೆಯಲಿದ್ದವರು ಮೊದಲು ಎಡವಿದ್ದು ಭಾಷೆಯಲ್ಲಿಯೇ ಎಂಬುದು ಸ್ವಾರಸ್ಯದ ಸಂಗತಿ. ಒಂದು ವರ್ಷ ಕಾದು, ಮತ್ತೆ ಓದಿ, ಪ್ರವೇಶ ಪಡೆದರು. 1928ರಲ್ಲಿ ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಪದವಿಯನ್ನೂ, 1930ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿಯನ್ನೂ, 1934ರಲ್ಲಿ ಅಲ್ಲಿಂದಲೇ ಗಣಿತದಲ್ಲಿ ಡಾಕ್ಟರೇಟನ್ನೂ ಗಳಿಸಿದರು. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬುವರೊಡನೆ ಅವರ ವಿವಾಹವಾಯಿತು. ಈ ದಾಂಪತ್ಯ 1945ರಲ್ಲಿ ಕೊನೆಗೊಂಡರೂ ಹಾಪರ್ ಎಂಬ ಹೆಸರು ಅವರೊಡನೆ ಉಳಿಯಿತು.

1931ರಿಂದ ಅವರು ವ್ಯಾಸರ್ ಕಾಲೇಜಿನಲ್ಲಿಯೇ ಗಣಿತದ ಅಧ್ಯಾಪಕಿಯಾದರು. ಅವರ ಬೋಧನೆಯ ಕ್ರಮ ವಿಶಿಷ್ಟವಾದುದು. ಸಂಭವನೀಯತೆಯ ಪಾಠದಲ್ಲಿ ಬರುವ ಒಂದು ಸೂತ್ರವನ್ನು ಕುರಿತು ಪ್ರಬಂಧ ಬರೆದು ತರುವಂತೆ ಹೇಳಿ, ಆ ಪ್ರಬಂಧದ ಭಾಷೆಯನ್ನೂ ತಿದ್ದಿ ಅಂಕ ಕೊಡುತ್ತಿದ್ದರು. ಗಣಿತದ ತರಗತಿಯಲ್ಲಿ ಭಾಷೆಗೇನು ಕೆಲಸವೆಂದು ವಿದ್ಯಾರ್ಥಿನಿಯರು ಗೊಣಗಿದರು. ತಿಳಿದುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲಾರದವರ ಗಣಿತದಿಂದ ಪ್ರಯೋಜನವಿಲ್ಲ ಎಂಬುದು ಹಾಪರ್ ಅವರ ನಂಬಿಕೆಯಾಗಿತ್ತು. ಅವರ ಮುಂದಿನ ಬಾಳಿನ ಬೀಜ ಈ ನಂಬಿಕೆಯಲ್ಲಿಯೇ ಅಡಗಿತ್ತು.

1941ರ ಡಿಸೆಂಬರಿನಲ್ಲಿ ಅಮೆರಿಕವು ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಹಾಪರ್ ಅವರು ನೌಕಾಪಡೆಯನ್ನು ಸೇರಬಯಸಿದರು. ವಯಸ್ಸು ಮೀರಿತ್ತು, ದೇಹದ ತೂಕವೂ ನಿಯಮಕ್ಕಿಂತ ಕಡಿಮೆಯಿತ್ತು. ವಿಶೇಷ ಅನುಮತಿಯನ್ನು ಬೇಡಿ ಪಡೆದು, 1943ರ ಡಿಸೆಂಬರಿನಲ್ಲಿ ನೌಕಾಪಡೆಯ ಮೀಸಲು ದಳವನ್ನು ಸೇರಿದರು. ತರಬೇತಿಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರನ್ನು 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ನೌಕಾಪಡೆಯ ಗಣನ ಕೇಂದ್ರಕ್ಕೆ ನೇಮಿಸಲಾಯಿತು. ಅಲ್ಲಿಯ ಮುಖ್ಯಸ್ಥರು ಹೋವರ್ಡ್ ಏಕೆನ್ ಎಂಬ ಕಟ್ಟುನಿಟ್ಟಿನ ವಿಜ್ಞಾನಿ. ಅಲ್ಲಿದ್ದ ಯಂತ್ರವೇ ‘ಮಾರ್ಕ್ 1’.

ಇಂದಿನ ವಿದ್ಯಾರ್ಥಿಗಳು ಆ ಯಂತ್ರವನ್ನು ಕಂಡರೆ ಅಚ್ಚರಿಪಡುವರು. ಅದರ ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ತಿರುಗುವ ಚಕ್ರಗಳು, ಟಕಟಕನೆ ಸದ್ದು ಮಾಡುವ ರಿಲೇಗಳು, ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಗಳು—ಇವೇ ಅದರ ಅಂಗಾಂಗಗಳು. ಸೆಕೆಂಡಿಗೆ ಮೂರು ಸಂಖ್ಯೆಗಳನ್ನು ಕೂಡುವುದು ಅದರ ವೇಗದ ಮಿತಿ. ಯುದ್ಧಕ್ಕೆ ಬೇಕಾದ ಲೆಕ್ಕಗಳಿಗಾಗಿ ಅದು ಹಗಲಿರುಳೂ ದುಡಿಯುತ್ತಿತ್ತು. ಗಣಿತಜ್ಞ ಜಾನ್ ವಾನ್ ನಾಯ್ಮನ್ ಅವರು ಅಲ್ಲಿಗೆ ತಂದ ಲೆಕ್ಕವೊಂದು ಅಣುಬಾಂಬಿನ ನಿರ್ಮಾಣಕ್ಕೆ ಸಂಬಂಧಿಸಿದುದಾಗಿತ್ತು. ಯಂತ್ರಕ್ಕೆ ಆದೇಶ ಬರೆದವರಿಗೆ ಆ ಲೆಕ್ಕದ ಉದ್ದೇಶ ಆಗ ತಿಳಿದಿರಲಿಲ್ಲ. ಯಂತ್ರವು ತನಗೆ ಕೊಟ್ಟ ಲೆಕ್ಕದ ಫಲವೇನೆಂದು ಕೇಳುವುದಿಲ್ಲ. ಕೇಳಬೇಕಾದವರು ಮನುಷ್ಯರು ಎಂಬುದನ್ನು ಈ ಸಂಗತಿ ನಮಗೆ ನೆನಪಿಸುತ್ತದೆ.

ಮಾರ್ಕ್ 1 ಯಂತ್ರದ ಬಳಕೆಯನ್ನು ವಿವರಿಸುವ ಐನೂರಕ್ಕೂ ಹೆಚ್ಚು ಪುಟಗಳ ಕೈಪಿಡಿಯ ಬಹುಭಾಗವನ್ನು ಹಾಪರ್ ಅವರೇ ಬರೆದರು. ಅದು 1946ರಲ್ಲಿ ಪ್ರಕಟವಾಯಿತು. 1947ರ ಸೆಪ್ಟೆಂಬರ್ 9ರಂದು, ಮುಂದಿನ ಯಂತ್ರವಾದ ಮಾರ್ಕ್ 2 ಕೆಟ್ಟು ನಿಂತಿತು. ಪರೀಕ್ಷಿಸಿದಾಗ ರಿಲೇಯೊಂದರಲ್ಲಿ ಪತಂಗದ ಹುಳುವೊಂದು ಸಿಕ್ಕಿಕೊಂಡು ಸತ್ತಿತ್ತು. ಅದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿದರು. ಯಂತ್ರದೋಷಕ್ಕೆ ‘ಹುಳು’ ಎಂಬರ್ಥದ ‘ಬಗ್’ ಎಂಬ ಮಾತು ಇಂಗ್ಲಿಷಿನಲ್ಲಿ ಅದಕ್ಕಿಂತ ಹಿಂದೆಯೇ ಬಳಕೆಯಲ್ಲಿತ್ತು. ಆದರೂ ಹಾಪರ್ ಅವರು ಈ ಪ್ರಸಂಗವನ್ನು ಹೋದೆಡೆಯಲ್ಲೆಲ್ಲ ಸೊಗಸಾಗಿ ಹೇಳಿದ್ದರಿಂದ ಅದು ಲೋಕಪ್ರಸಿದ್ಧವಾಯಿತು.

1949ರಲ್ಲಿ ಅವರು ಫಿಲಡೆಲ್ಫಿಯಾ ನಗರದಲ್ಲಿದ್ದ ಎಕರ್ಟ್ ಮತ್ತು ಮಾಕ್ಲಿ ಎಂಬುವರ ಕಂಪನಿಯನ್ನು ಸೇರಿದರು. ಅಲ್ಲಿ ‘ಯುನಿವ್ಯಾಕ್’ ಎಂಬ ವಿದ್ಯುನ್ಮಾನ ಗಣಕಯಂತ್ರವು ಸಿದ್ಧವಾಗುತ್ತಿತ್ತು. ಮಾರ್ಕ್ 1 ಯಂತ್ರಕ್ಕೆ ಹೋಲಿಸಿದರೆ ಅದರ ವೇಗ ನೂರಾರು ಪಾಲು ಹೆಚ್ಚು. ಆಗ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ಯಂತ್ರವು ಲೆಕ್ಕವನ್ನು ನಿಮಿಷಗಳಲ್ಲಿ ಮಾಡಿ ಮುಗಿಸುತ್ತಿತ್ತು. ಅದಕ್ಕೆ ಆದೇಶಗಳನ್ನು ಬರೆದು ತಿದ್ದಲು ಮನುಷ್ಯರಿಗೆ ವಾರಗಳು, ತಿಂಗಳುಗಳು ಬೇಕಾಗುತ್ತಿದ್ದವು. ಯಂತ್ರದ ವೇಗವು ಹೆಚ್ಚಿದಷ್ಟೂ ಮನುಷ್ಯನ ನಿಧಾನವು ಎದ್ದು ಕಾಣತೊಡಗಿತು.

ಗಣಕಯಂತ್ರಕ್ಕೆ ಕೊಡುವ ಆದೇಶಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಹಾಪರ್ ಮತ್ತು ಅವರ ಸಂಗಡಿಗರು ಪದೇ ಪದೇ ಬೇಕಾಗುವ ಆದೇಶಗಳ ತುಣುಕುಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗ ತಪ್ಪುಗಳು ನುಸುಳುತ್ತಿದ್ದವು. ತ್ರಿಕೋನಾಕಾರದ ಒಂದು ಚಿಹ್ನೆಯು ಇನ್ನೊಬ್ಬರ ಕೈಯಲ್ಲಿ ಇಂಗ್ಲಿಷಿನ 4 ಆಗುತ್ತಿತ್ತು. ‘ಬಿ’ ಅಕ್ಷರವು 13 ಆಗುತ್ತಿತ್ತು. ತುಣುಕನ್ನು ಹೊಸ ಪ್ರೋಗ್ರಾಮಿನಲ್ಲಿ ಸೇರಿಸಿದಾಗ ಅದರೊಳಗಿನ ಸ್ಥಾನಸಂಖ್ಯೆಗಳನ್ನೆಲ್ಲ ಮತ್ತೆ ಕೂಡಿ ಬದಲಾಯಿಸಬೇಕಾಗಿತ್ತು. ಅಲ್ಲಿಯೂ ತಪ್ಪುಗಳಾಗುತ್ತಿದ್ದವು. ಹಾಪರ್ ಅವರು ಇದನ್ನು ಗಮನಿಸಿದರು. ನಕಲು ಮಾಡುವುದು ಮತ್ತು ಕೂಡುವುದು ಇವೆರಡರಲ್ಲಿಯೂ ಮನುಷ್ಯನು ದುರ್ಬಲ, ಯಂತ್ರವು ನಿಪುಣ. ಹಾಗಿದ್ದಮೇಲೆ ಈ ಕೆಲಸವನ್ನು ಯಂತ್ರವೇ ಮಾಡಲಿ ಎಂದು ಅವರು ನಿಶ್ಚಯಿಸಿದರು.

ಅವರು ಪ್ರತಿಯೊಂದು ತುಣುಕಿಗೂ ಒಂದು ಕರೆಸಂಖ್ಯೆಯನ್ನು ಕೊಟ್ಟು, ಎಲ್ಲವನ್ನೂ ಕಾಂತಪಟ್ಟಿಯ ಮೇಲೆ ದಾಖಲಿಸಿದರು. ಬರೆಯುವವನು ಆ ಸಂಖ್ಯೆಗಳನ್ನು ಕ್ರಮವಾಗಿ ಕೊಟ್ಟರೆ ಸಾಕು; ಯಂತ್ರವೇ ತುಣುಕುಗಳನ್ನು ಹುಡುಕಿ ತಂದು, ಸ್ಥಾನಸಂಖ್ಯೆಗಳನ್ನು ಸರಿಪಡಿಸಿ, ಒಂದಕ್ಕೊಂದು ಜೋಡಿಸಿ, ಇಡೀ ಪ್ರೋಗ್ರಾಮನ್ನು ಯಂತ್ರಭಾಷೆಯಲ್ಲಿ ಸಿದ್ಧಪಡಿಸುತ್ತಿತ್ತು. ಬಿಡಿ ಪದ್ಯಗಳನ್ನು ಒಂದುಗೂಡಿಸಿ ಸಂಕಲನ ಮಾಡುವಂತೆ ಬಿಡಿ ಆದೇಶಗಳನ್ನು ಸಂಕಲಿಸುವ ಈ ಸಾಧನಕ್ಕೆ ‘ಕಂಪೈಲರ್’, ಎಂದರೆ ಸಂಕಲಕ, ಎಂಬ ಹೆಸರಾಯಿತು. ‘ಎ-0’ ಎಂಬ ಈ ಮೊದಲ ಕಂಪೈಲರ್ 1952ರಲ್ಲಿ ಕೆಲಸ ಮಾಡತೊಡಗಿತು. ಇಂದಿನ ದೃಷ್ಟಿಯಿಂದ ನೋಡಿದರೆ ಅದು ಪೂರ್ಣಪ್ರಮಾಣದ ಅನುವಾದಕವಾಗಿರಲಿಲ್ಲ. ತುಣುಕುಗಳನ್ನು ಜೋಡಿಸುವುದೇ ಅದರ ಮುಖ್ಯ ಕೆಲಸವಾಗಿತ್ತು. ಆದರೆ ದಾರಿ ತೆರೆದಿತ್ತು.

ಇದನ್ನು ರಚಿಸುವಾಗ ಒಂದು ತೊಡಕು ಎದುರಾಯಿತು. ಪ್ರೋಗ್ರಾಮಿನ ಮುಂದಿನ ಭಾಗವೊಂದಕ್ಕೆ ಜಿಗಿಯಬೇಕೆಂಬ ಆದೇಶ ಬಂದರೆ, ಆ ಭಾಗದ ಸ್ಥಾನವು ಇನ್ನೂ ನಿಶ್ಚಯವಾಗಿರುವುದಿಲ್ಲ. ಜಿಗಿಯುವುದಾದರೂ ಎಲ್ಲಿಗೆ? ಹಾಪರ್ ಅವರಿಗೆ ಕಾಲೇಜಿನ ದಿನಗಳಲ್ಲಿ ಆಡಿದ ಬ್ಯಾಸ್ಕೆಟ್‌ಬಾಲ್ ನೆನಪಾಯಿತು. ಚೆಂಡನ್ನು ಹಿಡಿದು ಓಡುವಂತಿಲ್ಲದಾಗ ಆಟಗಾರ್ತಿಯು ಅದನ್ನು ಜೊತೆಯವಳಿಗೆ ಎಸೆದು, ತಾನು ಮುಂದೆ ಓಡಿ, ಮತ್ತೆ ಪಡೆದುಕೊಳ್ಳುತ್ತಾಳೆ. ಅದೇ ರೀತಿಯಲ್ಲಿ ಯಂತ್ರದ ಸ್ಮೃತಿಯ ಒಂದು ಮೂಲೆಯನ್ನು ಕಾದಿರಿಸಿ, ಜಿಗಿತವನ್ನು ಮೊದಲು ಅಲ್ಲಿಗೆ ಕಳುಹಿಸಿದರು. ಮುಂದಿನ ಭಾಗದ ಸ್ಥಾನ ತಿಳಿದ ಮೇಲೆ ಆ ಮೂಲೆಯಿಂದ ಅಲ್ಲಿಗೆ ದಾರಿ ಮಾಡಿದರು. ಆಟದ ಬಯಲಿನಲ್ಲಿ ಕಲಿತದ್ದು ಸಂಶೋಧನೆಯಲ್ಲಿ ಕೈಹಿಡಿಯಿತು.

ಇದೇ ಕಾಲದಲ್ಲಿ ಇನ್ನೊಂದು ಮಾರ್ಗವೂ ಬಳಕೆಯಲ್ಲಿತ್ತು. ಜಾನ್ ಮಾಕ್ಲಿಯವರು 1949ರಲ್ಲಿ ಸೂಚಿಸಿದ ‘ಶಾರ್ಟ್ ಕೋಡ್’ ಎಂಬ ಪದ್ಧತಿಯಲ್ಲಿ ಬರೆದ ಲೆಕ್ಕವನ್ನು ಯಂತ್ರವು ಮೊದಲೇ ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತಿರಲಿಲ್ಲ. ಒಂದೊಂದೇ ಆದೇಶವನ್ನು ಓದಿ, ಅದರ ಅರ್ಥವನ್ನು ಬಿಡಿಸಿ, ಕೂಡಲೇ ನಡೆಸಿ, ಮುಂದಿನದಕ್ಕೆ ಹೋಗುತ್ತಿತ್ತು. ಹೀಗೆ ಮಾಡುವ ಸಾಧನಕ್ಕೆ ‘ಇಂಟರ್‌ಪ್ರಿಟರ್’, ಎಂದರೆ ದುಭಾಷಿ, ಎಂದು ಹೆಸರು.

ಈ ಎರಡು ಮಾರ್ಗಗಳ ಅಂತರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪರಭಾಷೆಯ ವಿದ್ವಾಂಸರೊಬ್ಬರ ವಿಚಾರಗಳು ನಮಗೆ ಎರಡು ಬಗೆಯಲ್ಲಿ ತಲುಪಬಹುದು. ಅವರ ಗ್ರಂಥವನ್ನು ಒಬ್ಬರು ಮೊದಲಿನಿಂದ ಕೊನೆಯವರೆಗೆ ಕನ್ನಡಕ್ಕೆ ಅನುವಾದಿಸಿ ಅಚ್ಚು ಹಾಕಿಸುವುದು ಒಂದು ಬಗೆ. ಅನುವಾದಕ್ಕೆ ಕಾಲ ಹಿಡಿಯುತ್ತದೆ. ಆದರೆ ಒಮ್ಮೆ ಮುಗಿದರೆ ಎಷ್ಟು ಸಲ ಬೇಕಾದರೂ ಅನುವಾದಕನ ನೆರವಿಲ್ಲದೆ ಸರಾಗವಾಗಿ ಓದಬಹುದು. ಆ ವಿದ್ವಾಂಸರು ಸಭೆಯಲ್ಲಿ ಮಾತನಾಡುತ್ತಿರುವಾಗ ದುಭಾಷಿಯೊಬ್ಬನು ಪಕ್ಕದಲ್ಲಿ ನಿಂತು ವಾಕ್ಯವಾಕ್ಯವನ್ನೂ ಕನ್ನಡದಲ್ಲಿ ಹೇಳುವುದು ಇನ್ನೊಂದು ಬಗೆ. ಇಲ್ಲಿ ಕಾಯುವ ಅಗತ್ಯವಿಲ್ಲ. ಮೊದಲ ವಾಕ್ಯದಿಂದಲೇ ಅರ್ಥವಾಗುತ್ತದೆ. ಆದರೆ ಅದೇ ಭಾಷಣ ಮರುದಿನ ಮತ್ತೆ ನಡೆದರೆ ದುಭಾಷಿಯೂ ಮತ್ತೆ ಬರಬೇಕು.

ಕಂಪೈಲರ್ ಮೊದಲನೆಯ ಬಗೆಯದು, ಇಂಟರ್‌ಪ್ರಿಟರ್ ಎರಡನೆಯದು. ಪ್ರೋಗ್ರಾಮಿನಲ್ಲಿ ಒಂದೇ ಆದೇಶವನ್ನು ಸಾವಿರ ಸಲ ಮಾಡಬೇಕಾಗಿದ್ದರೆ, ಸರಳವಾದ ಇಂಟರ್‌ಪ್ರಿಟರ್ ಅದರ ಅರ್ಥವನ್ನು ಸಾವಿರ ಸಲವೂ ಬಿಡಿಸುತ್ತದೆ. ಕಂಪೈಲರ್ ಒಂದೇ ಸಲ ಬಿಡಿಸಿಡುತ್ತದೆ. ಇದರಿಂದಾಗಿ ಶಾರ್ಟ್ ಕೋಡಿನ ಲೆಕ್ಕಗಳು ನೇರವಾಗಿ ಯಂತ್ರಭಾಷೆಯಲ್ಲಿ ಬರೆದ ಲೆಕ್ಕಗಳಿಗಿಂತ ಸುಮಾರು 50 ಪಾಲು ನಿಧಾನವಾಗಿ ಸಾಗುತ್ತಿದ್ದವು. ದುಭಾಷಿಯ ಕ್ರಮದಲ್ಲಿ ಗುಣಗಳೂ ಇವೆ. ಬರೆದ ಕೂಡಲೇ ನಡೆಸಿ ನೋಡಬಹುದು. ತಪ್ಪಿದ್ದರೆ ಆ ತಪ್ಪಿನ ಸಾಲಿನಲ್ಲಿಯೇ ಯಂತ್ರ ನಿಲ್ಲುವುದರಿಂದ ತಿದ್ದುವುದು ಸುಲಭ. ಆದರೆ ಆ ಸಾಲನ್ನು ತಲುಪುವವರೆಗೆ ತಪ್ಪು ಮರೆಯಾಗಿಯೇ ಇರಬಹುದು. ಕಂಪೈಲರ್ ಇಡೀ ಬರವಣಿಗೆಯನ್ನು ಮೊದಲೇ ಶೋಧಿಸುವುದರಿಂದ ವ್ಯಾಕರಣದ ತಪ್ಪುಗಳು ಆರಂಭದಲ್ಲಿಯೇ ಹೊರಬೀಳುತ್ತವೆ. ಕಂಪೈಲರ್ ಸಿದ್ಧಪಡಿಸಿದ ಯಂತ್ರಭಾಷೆಯ ಪ್ರತಿಯು ಒಂದು ಜಾತಿಯ ಯಂತ್ರಕ್ಕೆ ಮಾತ್ರ ಹೊಂದುತ್ತದೆ. ಇಂಟರ್‌ಪ್ರಿಟರ್ ಇರುವ ಕಡೆಯಲ್ಲೆಲ್ಲ ಮೂಲ ಬರವಣಿಗೆಯೇ ಸಾಗಬಲ್ಲದು. ಒಂದು ಮಾರ್ಗವು ಯಂತ್ರದ ಕಾಲವನ್ನು ಉಳಿಸುತ್ತದೆ. ಇನ್ನೊಂದು ಹಲವು ವೇಳೆ ಬರೆಯುವವನ ಕಾಲವನ್ನು ಉಳಿಸುತ್ತದೆ.

ಹಾಪರ್ ಅವರ ಕಂಪೈಲರ್ ಸಿದ್ಧವಾದಾಗ ಅದನ್ನು ಸ್ವಾಗತಿಸಿದವರು ವಿರಳ. ಗಣಕಯಂತ್ರವು ಅಂಕಗಣಿತವನ್ನು ಮಾತ್ರ ಮಾಡಬಲ್ಲದು, ತಾನೇ ಪ್ರೋಗ್ರಾಮನ್ನು ಬರೆಯಲಾರದು ಎಂದು ಬಲ್ಲವರೇ ವಾದಿಸಿದರು. ಕಣ್ಣೆದುರು ನಡೆಯುತ್ತಿದ್ದ ಕಂಪೈಲರನ್ನು ಬಹುಕಾಲ ಯಾರೂ ಬಳಸಲು ಮುಂದೆ ಬರಲಿಲ್ಲ. ಸಂಕೇತಭಾಷೆಯನ್ನು ಕಷ್ಟಪಟ್ಟು ಕಲಿತವರಿಗೆ, ಅದನ್ನು ಕಲಿಯದವರೂ ತಮ್ಮ ಸಾಲಿಗೆ ಬಂದು ನಿಲ್ಲುವುದು ರುಚಿಸದಿದ್ದುದು ಸಹಜವೇ. ಹಾಪರ್ ಅವರು ಎದೆಗುಂದದೆ ಲೇಖನಗಳನ್ನು ಬರೆದರು, ಭಾಷಣಗಳನ್ನು ಮಾಡಿದರು, ಮಾಡಿ ತೋರಿಸಿದರು.

ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವ್ಯಾಪಾರ ವ್ಯವಹಾರಗಳಲ್ಲಿ ತೊಡಗಿದವರಿಗೆ ಗಣಿತದ ಚಿಹ್ನೆಗಳು ಒಗ್ಗುವುದಿಲ್ಲ. ಅವರು ತಮ್ಮ ದಿನಬಳಕೆಯ ಮಾತಿನಲ್ಲಿಯೇ ಯಂತ್ರಕ್ಕೆ ಆದೇಶ ಕೊಡುವಂತಾಗಬೇಕು ಎಂದು ಅವರು ಬಯಸಿದರು. ಯಂತ್ರಕ್ಕೆ ಇಂಗ್ಲಿಷ್ ಅರ್ಥವಾಗದೆಂದು ಮೇಲಧಿಕಾರಿಗಳು ತಳ್ಳಿಹಾಕಿದರು. ಹಾಪರ್ ಅವರು ಇಂಗ್ಲಿಷ್ ಪದಗಳಲ್ಲಿ ಒಂದು ಚಿಕ್ಕ ಪ್ರೋಗ್ರಾಮನ್ನು ನಡೆಸಿ ತೋರಿಸಿದರು. ಯಂತ್ರದ ಪಾಲಿಗೆ ಪದಗಳೆಲ್ಲವೂ ಗುರುತುಗಳಷ್ಟೇ ಎಂಬುದನ್ನು ಮನಗಾಣಿಸಲು ಅದೇ ಪ್ರೋಗ್ರಾಮನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ನಡೆಸಿದರು. ಅಮೆರಿಕದಲ್ಲಿ ಹುಟ್ಟಿದ ಯಂತ್ರವು ಫ್ರೆಂಚ್, ಜರ್ಮನ್ ಭಾಷೆಗಳನ್ನು ಅರಿಯುವುದೆಂದರೇನು ಎಂದು ಅಧಿಕಾರಿಗಳು ಗಾಬರಿಗೊಂಡರು. ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆಯನ್ನು ಬಳಸುವುದಿಲ್ಲವೆಂದು ಹಾಪರ್ ಅವರು ಮಾತು ಕೊಡಬೇಕಾಯಿತು. ತತ್ತ್ವವು ಮಾತ್ರ ಸ್ಪಷ್ಟವಾಗಿತ್ತು. ಯಂತ್ರದ ಮುಂದೆ ಎಲ್ಲ ಭಾಷೆಗಳೂ ಸಮಾನ. ನಮ್ಮ ಕನ್ನಡವೂ ಅದಕ್ಕೆ ಹೊರತಲ್ಲ.

ಈ ಪ್ರಯತ್ನದ ಫಲವಾಗಿ 1955ರಿಂದೀಚೆಗೆ ರೂಪುಗೊಂಡ ಭಾಷೆಯೇ ‘ಫ್ಲೋಮ್ಯಾಟಿಕ್’. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಕಂಪನಿಯಲ್ಲಿ ರಚಿಸಿದ ‘ಫೋರ್ಟ್ರಾನ್’ ಭಾಷೆಯ ಕಂಪೈಲರ್, ಮನುಷ್ಯರು ಬರೆದಷ್ಟೇ ಚುರುಕಾದ ಯಂತ್ರಭಾಷೆಯನ್ನು ಯಂತ್ರವೂ ಬರೆಯಬಲ್ಲುದೆಂದು ತೋರಿಸಿತು. ಸಂದೇಹಗಳು ಕರಗತೊಡಗಿದವು. 1959ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ನಡೆದ ಸಭೆಯೊಂದು, ಎಲ್ಲ ಕಂಪನಿಗಳ ಯಂತ್ರಗಳಿಗೂ ಹೊಂದುವ ಒಂದು ವ್ಯವಹಾರಭಾಷೆಯನ್ನು ರಚಿಸಲು ತೀರ್ಮಾನಿಸಿತು. ಹೀಗೆ ಹುಟ್ಟಿದ ‘ಕೋಬಾಲ್’ ಭಾಷೆಯು ಹಲವರು ಕೂಡಿ ಮಾಡಿದ ಕೆಲಸ. ಆದರೆ ಅದರ ತಳಹದಿ ಬಹುಮಟ್ಟಿಗೆ ಫ್ಲೋಮ್ಯಾಟಿಕ್. ಹಾಪರ್ ಅವರು ಅದರ ಸಲಹೆಗಾರರಲ್ಲಿ ಒಬ್ಬರು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಬೇರೆ ಬೇರೆ ಕಂಪನಿಗಳ ಎರಡು ಯಂತ್ರಗಳ ಮೇಲೆ ನಡೆಸಲಾಯಿತು. ಎರಡಕ್ಕೂ ಬೇರೆ ಬೇರೆ ಕಂಪೈಲರ್; ಮೂಲ ಬರವಣಿಗೆ ಮಾತ್ರ ಒಂದೇ. ಇಂದಿಗೂ ಅನೇಕ ಬ್ಯಾಂಕುಗಳ ಲೆಕ್ಕಪತ್ರಗಳು ಕೋಬಾಲ್ ಭಾಷೆಯಲ್ಲಿ ನಡೆಯುತ್ತಿವೆ.

ಮುಂದಿನ ದಶಕಗಳಲ್ಲಿ ಎರಡು ಮಾರ್ಗಗಳೂ ಬೆಳೆದವು; ಒಂದರೊಳಗೊಂದು ಬೆರೆತವು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗಾಗಿ ರಚಿಸಿದ ‘ಬೇಸಿಕ್’ ಭಾಷೆಗೆ ಅಲ್ಲಿ ಕಂಪೈಲರ್ ಇತ್ತು. ಎಪ್ಪತ್ತರ ದಶಕದ ಚಿಕ್ಕ ಗಣಕಯಂತ್ರಗಳಲ್ಲಿ ಅದೇ ಭಾಷೆಯು ಇಂಟರ್‌ಪ್ರಿಟರ್ ಮೂಲಕ ನಡೆಯಿತು. ಭಾಷೆ ಬೇರೆ, ಅದನ್ನು ಯಂತ್ರಕ್ಕೆ ತಲುಪಿಸುವ ವಿಧಾನ ಬೇರೆ ಎಂಬುದಕ್ಕೆ ಇದು ಉತ್ತಮ ನಿದರ್ಶನ. 1991ರಲ್ಲಿ ಹೊರಬಂದ ‘ಪೈಥಾನ್’, 1995ರಲ್ಲಿ ಹೊರಬಂದ ‘ಜಾವಾ’ ಭಾಷೆಗಳಲ್ಲಿ ಬರವಣಿಗೆಯನ್ನು ಸಾಮಾನ್ಯವಾಗಿ ಮೊದಲು ಒಂದು ನಡುಭಾಷೆಗೆ ತಿರುಗಿಸಿ, ಅನಂತರ ಆ ನಡುಭಾಷೆಯನ್ನು ನಡೆಸಲಾಗುತ್ತದೆ. ಅನುವಾದಕ ಮತ್ತು ದುಭಾಷಿ ಇಲ್ಲಿ ಕೈಜೋಡಿಸಿದ್ದಾರೆ.

ಹಾಪರ್ ಅವರಿಗೆ ನೌಕಾಪಡೆಯ ನಂಟು ಕಡಿಯಲಿಲ್ಲ. 1966ರ ಕೊನೆಯಲ್ಲಿ ಅವರನ್ನು ವಯಸ್ಸಿನ ಕಾರಣದಿಂದ ನಿವೃತ್ತಿಗೊಳಿಸಲಾಯಿತು. ಆದರೆ ನೌಕಾಪಡೆಯ ಗಣಕಯಂತ್ರ ಭಾಷೆಗಳಿಗೆ ಒಂದು ಶಿಸ್ತನ್ನು ತರಲು ಮರುವರ್ಷವೇ ಆರು ತಿಂಗಳ ಮಟ್ಟಿಗೆಂದು ಮತ್ತೆ ಕರೆಸಿಕೊಂಡರು. ಆ ಆರು ತಿಂಗಳು ಹಿಗ್ಗಿ ವರ್ಷಗಳಾದವು. 1973ರಲ್ಲಿ ಅವರು ಕ್ಯಾಪ್ಟನ್ ಆದರು. 1985ರ ವೇಳೆಗೆ ರಿಯರ್ ಅಡ್ಮಿರಲ್ ಎನಿಸಿಕೊಂಡರು. 1986ರ ಆಗಸ್ಟ್ 14ರಂದು, ತಮ್ಮ 79ನೆಯ ವಯಸ್ಸಿನಲ್ಲಿ, ‘ಕಾನ್‌ಸ್ಟಿಟ್ಯೂಷನ್’ ಎಂಬ ಪುರಾತನ ಹಡಗಿನ ಮೇಲೆ ನಡೆದ ಸಮಾರಂಭದಲ್ಲಿ ನಿವೃತ್ತರಾದಾಗ, ಸೇವೆಯಲ್ಲಿದ್ದ ನೌಕಾಧಿಕಾರಿಗಳಲ್ಲಿ ಅವರೇ ಅತ್ಯಂತ ಹಿರಿಯರಾಗಿದ್ದರು. ಅದಾದ ಮೇಲೂ ಒಂದು ಗಣಕಯಂತ್ರ ಕಂಪನಿಯ ಸಲಹೆಗಾರರಾಗಿ ದುಡಿದರು.

ಎಲ್ಲಿ ಹೋದರೂ ಅವರು ಅಧ್ಯಾಪಕಿಯೇ. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ವಿದ್ಯುತ್ ಸಂಕೇತವು ಚಲಿಸಬಹುದಾದ ಹೆಚ್ಚಿನ ದೂರ ಅಷ್ಟೇ ಎಂದು ವಿವರಿಸುತ್ತಿದ್ದರು. ಅವರ ಕಚೇರಿಯ ಗೋಡೆಯ ಗಡಿಯಾರದ ಮುಳ್ಳುಗಳು ಹಿಮ್ಮುಖವಾಗಿ ತಿರುಗುತ್ತಿದ್ದವು. ಆದರೂ ಅದು ಸರಿಯಾದ ವೇಳೆಯನ್ನೇ ತೋರಿಸುತ್ತಿತ್ತು. ಹಿಂದಿನಿಂದ ಹೀಗೆಯೇ ನಡೆದುಬಂದಿದೆ ಎಂಬುದು ಯಾವ ಪದ್ಧತಿಗೂ ಸಾಕಾದ ಸಮರ್ಥನೆಯಾಗದು ಎಂಬುದನ್ನು ಆ ಗಡಿಯಾರವು ಬಂದವರಿಗೆಲ್ಲ ಮೌನವಾಗಿ ಬೋಧಿಸುತ್ತಿತ್ತು.

1992ರ ಜನವರಿ 1ರಂದು ಗ್ರೇಸ್ ಹಾಪರ್ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಕಲ ಸೇನಾಗೌರವಗಳೊಡನೆ ಅವರ ಅಂತ್ಯಕ್ರಿಯೆ ನಡೆಯಿತು. ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ಅವರ ಹೆಸರನ್ನಿಡಲಾಗಿದೆ. 2016ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕವನ್ನು ಮರಣೋತ್ತರವಾಗಿ ಅವರಿಗೆ ನೀಡಲಾಯಿತು.

ಇಷ್ಟೆಲ್ಲ ಸಾಧನೆಗಳ ನಡುವೆ ಅವರು ಹೆಚ್ಚಿನದೆಂದು ಎಣಿಸಿದ್ದು ಯಾವುದನ್ನು? ಕಂಪೈಲರನ್ನು ರಚಿಸಿದ್ದಕ್ಕಿಂತಲೂ ತರುಣ ತರುಣಿಯರನ್ನು ತರಬೇತುಗೊಳಿಸಿದ್ದು ತಮಗೆ ದೊಡ್ಡದೆಂದು ಅವರು ಹೇಳಿಕೊಂಡಿದ್ದಾರೆ. ವಿಚಾರ ಮಾಡಿದರೆ ಈ ಎರಡು ಕೆಲಸಗಳಿಗೂ ಮೂಲ ಒಂದೇ. ಕೆಲವರಿಗೆ ಮಾತ್ರ ತಿಳಿದಿರುವುದನ್ನು ಅನೇಕರಿಗೆ ತಿಳಿಯುವಂತೆ ಮಾಡುವವನೇ ಒಳ್ಳೆಯ ಅಧ್ಯಾಪಕ. ಒಳ್ಳೆಯ ಅನುವಾದಕನೂ ಅವನೇ. ಗಣಕಯಂತ್ರದ ಸೇವೆಯು ಕೆಲವೇ ಗಣಿತಜ್ಞರ ಸ್ವತ್ತಾಗಿ ಉಳಿಯದೆ ಸಾಮಾನ್ಯ ಜನರನ್ನೂ ತಲುಪಿದ್ದರ ಹಿಂದೆ, ಮಕ್ಕಳ ಪ್ರಬಂಧಗಳ ಭಾಷೆಯನ್ನು ತಿದ್ದುತ್ತಿದ್ದ ಆ ಗಣಿತದ ಅಧ್ಯಾಪಕಿಯ ದುಡಿಮೆ ಇದೆ.